ಪೊಟ್ಟಣದ ಮೇಲಿನ ಹೆಸರು ಯಾರ ಆಸ್ತಿ?

(ಸಂಸ್ಥೆಯ ಕಾನೂನು ನೆರವು ವಿಭಾಗವು ತಾಲೂಕು ವಕೀಲರಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ ನೀಡಿದ ಭಾಷಣದ ಬರಹರೂಪ)



ಬೌದ್ಧಿಕ ಆಸ್ತಿ ಎಂದ ಕೂಡಲೇ ಅದು ಬೆಂಗಳೂರಿನ ದೊಡ್ಡ ಕಂಪನಿಗಳ ವಿಷಯ, ನಮ್ಮ ತಾಲೂಕು ಕೋರ್ಟಿಗೆ ಬರುವಂಥದ್ದಲ್ಲ ಎಂದು ನೀವು ಅಂದುಕೊಳ್ಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ನಮ್ಮ ಒಂದು ಮಹಿಳಾ ಸಂಘಕ್ಕೆ ವಕೀಲರ ನೋಟಿಸ್ ಬಂದ ದಿನ ಆ ಭ್ರಮೆ ಹೋಯಿತು.

ಆ ಸಂಘದವರು ಒಂಬತ್ತು ವರ್ಷದಿಂದ ಸಾರಿನ ಪುಡಿ ಮಾಡುತ್ತಿದ್ದರು. ಹಬ್ಬದ ಜಾತ್ರೆಗಳಲ್ಲಿ, ಚರ್ಚ್ ಅಂಗಳದಲ್ಲಿ ಮಾರಿ ಹೆಸರು ಮಾಡಿದ್ದರು. ಆಮೇಲೆ ಪಟ್ಟಣದ ಒಬ್ಬ ವ್ಯಾಪಾರಿ ಸಗಟಾಗಿ ಕೊಳ್ಳಲು ಶುರು ಮಾಡಿದ. ಮೂರು ವರ್ಷ ಎಲ್ಲ ಚೆನ್ನಾಗಿತ್ತು. ಹಳೆ ಬಾಕಿ ಕೇಳಿದಾಗ ತಕರಾರು ಬಂತು, ಅದರ ಹಿಂದೆಯೇ ನೋಟಿಸ್ ಬಂತು. 'ಈ ಹೆಸರು ನಮ್ಮ ಕಕ್ಷಿದಾರರ ನೋಂದಾಯಿತ ಟ್ರೇಡ್‌ಮಾರ್ಕ್, ನೀವು ಬಳಸುವುದನ್ನು ನಿಲ್ಲಿಸಿ' ಎಂದು. ಸಂಘದ ಅಧ್ಯಕ್ಷೆ ನಮ್ಮ ಆಫೀಸಿಗೆ ಓಡಿ ಬಂದು ಕೇಳಿದ್ದು ಒಂದೇ ಮಾತು: "ಅಲ್ಲ ಸಾರ್, ನಾವ್ ಇಟ್ಟ ಹೆಸ್ರು ನಮ್ದಲ್ದೆ ಇನ್ಯಾರ್ದು?"

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಸಂಘಕ್ಕೆ ಬ್ಯಾಂಕ್ ಖಾತೆ ಮಾಡಿಸಿದೆವು, ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದೆವು, ಪುಡಿ ಮಾಡುವ ಯಂತ್ರಕ್ಕೆ ಸಾಲ ಕೊಡಿಸಿದೆವು. ಹೆಸರಿನ ಬಗ್ಗೆ ಮಾತ್ರ ಯೋಚಿಸಲಿಲ್ಲ. ಸರಕಾರದ ಇಷ್ಟೆಲ್ಲ ಕಾಗದ ಇದ್ದ ಮೇಲೆ ಹೆಸರೂ ಭದ್ರ ಎಂದುಕೊಂಡೆವು. ಉದ್ಯಮ ನೋಂದಣಿ, ಜಿಎಸ್‌ಟಿ, ಆಹಾರ ಲೈಸೆನ್ಸ್ ಯಾವುದೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ.

ಹಾಗಾದರೆ ನೋಂದಣಿ ಮಾಡಿಸಿದವನೇ ಗೆದ್ದನೇ? ಇಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 34ನೇ ಕಲಂ ಓದಿ. ನೋಂದಣಿದಾರನ ಬಳಕೆ ಮತ್ತು ಅವನ ನೋಂದಣಿ, ಈ ಎರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಹಿಂದಿನಿಂದ ನಿರಂತರವಾಗಿ ಬಳಸುತ್ತಾ ಬಂದವರನ್ನು ಅವನು ತಡೆಯುವಂತಿಲ್ಲ. ತಿರುನೆಲ್ವೇಲಿಯ 'ಇರುಟ್ಟುಕಡೈ ಹಲ್ವ' ಪ್ರಕರಣದಲ್ಲಿ ಎರಡೂ ಕಡೆಯವರ ಹತ್ತಿರ ನೋಂದಣಿ ಪತ್ರ ಇತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ಮೊದಲು ಬಳಸಿದವರು ಯಾರು ಎಂಬುದನ್ನು. ಕತ್ತಲೆ ಅಂಗಡಿ ಎಂಬ ಅರ್ಥದ ಆ ಹೆಸರಿನಲ್ಲಿ ತಲೆಮಾರುಗಳಿಂದ ಹಲ್ವ ಮಾರುತ್ತಿದ್ದ ಮನೆತನಕ್ಕೇ ಹಕ್ಕು ಉಳಿಯಿತು.

ಆದರೆ ಮೊದಲು ಬಳಸಿದ್ದಕ್ಕೆ ಪುರಾವೆ ಬೇಕಲ್ಲ! ನಮ್ಮ ಸಂಘದವರ ಹತ್ತಿರ ಏನಿತ್ತು? ಪ್ರಿಂಟಿಂಗ್ ಪ್ರೆಸ್ಸಿನ ಎರಡು ಹಳೆ ಬಿಲ್ಲು, ಒಂದು ಮೇಳದ ಮಳಿಗೆಯ ಫೋಟೊ, ಸಂಘದ ನಡಾವಳಿ ಪುಸ್ತಕ. ಪುಸ್ತಕದಲ್ಲಿ ಹೆಸರು ಆರಿಸಿದ ಸಭೆಯ ತಾರೀಖು, ಹದಿನಾಲ್ಕು ಸಹಿ, ಎರಡು ಹೆಬ್ಬೆಟ್ಟು ಇತ್ತು. ನಾವೆಲ್ಲ ಬೈದುಕೊಂಡು ಬರೆಸುತ್ತಿದ್ದ ಆ ನಡಾವಳಿಯೇ ಕೈ ಹಿಡಿಯಿತು. ಕೊನೆಗೆ ರಾಜಿಯಲ್ಲಿ ವ್ಯಾಪಾರಿ ನೋಂದಣಿಯನ್ನು ಸಂಘಕ್ಕೆ ಬರೆದುಕೊಟ್ಟ, ಸಂಘ ತನ್ನ ಬಾಕಿಯಲ್ಲಿ ಅರ್ಧ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಆರು ಜನ ಹೆಂಗಸರು ಕೂಲಿಗೆ ವಾಪಸ್ ಹೋಗಿದ್ದರು. ಅವರಲ್ಲಿ ನಾಲ್ಕು ಮಂದಿ ಮತ್ತೆ ಬರಲೇ ಇಲ್ಲ.

ಮೊದಲ ಬಳಕೆದಾರರಿಗೆ ರಕ್ಷಣೆ ಇದೆಯಲ್ಲ, ನೋಂದಣಿಯ ಖರ್ಚೇಕೆ ಎಂದು ಒಬ್ಬ ವಕೀಲ ಮಿತ್ರರು ಬೆಳಿಗ್ಗೆ ಕೇಳಿದರು. ನೋಂದಣಿ ಇಲ್ಲದವರು ದಾವೆ ಹೂಡಬೇಕಾದರೆ 'ಪಾಸಿಂಗ್ ಆಫ್' ಎಂದು ಹೂಡಬೇಕು, ಹೆಸರಿಗೆ ಮಾರುಕಟ್ಟೆಯಲ್ಲಿ ಇರುವ ಕೀರ್ತಿಯನ್ನು ಸಾಕ್ಷಿಯಿಂದ ರುಜುವಾತು ಮಾಡಬೇಕು. ಇನ್ನೊಂದು ಸೂಕ್ಷ್ಮವಿದೆ. 134ನೇ ಕಲಮಿನ 2ನೇ ಉಪಕಲಂ ಪ್ರಕಾರ ನೋಂದಾಯಿತ ಮಾರ್ಕಿನ ಮಾಲೀಕರು ತಾವು ವಾಸಿಸುವ ಅಥವಾ ವ್ಯಾಪಾರ ಮಾಡುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಪಾಸಿಂಗ್ ಆಫ್ ದಾವೆಗೆ ಈ ಅನುಕೂಲ ಇಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಸಾಮಾನ್ಯ ನಿಯಮದಂತೆ ಹೋಗಬೇಕು. ದಿನಗೂಲಿ ಬಿಟ್ಟು ಬೇರೆ ಊರಿನ ಕೋರ್ಟಿಗೆ ಅಲೆಯುವವರಿಗೆ ಇದು ಸಣ್ಣ ವಿಷಯವಲ್ಲ.

ಅರ್ಜಿ ಹಾಕಲು ನೀವು ಬೇರೆ ಪರೀಕ್ಷೆ ಬರೆಯಬೇಕಿಲ್ಲ. 145ನೇ ಕಲಂ ಪ್ರಕಾರ ವಕೀಲರೇ ಹಾಜರಾಗಬಹುದು. ಕರ್ನಾಟಕಕ್ಕೆ ಚೆನ್ನೈ ರಿಜಿಸ್ಟ್ರಿ. ಆನ್‌ಲೈನ್ ಅರ್ಜಿಗೆ 2017ರ ನಿಯಮಗಳು ನಿಗದಿ ಮಾಡಿದ ಶುಲ್ಕ ಒಂದು ವರ್ಗಕ್ಕೆ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸುತ್ತಾ ಹೋಗಬಹುದು. ಬೇರೆಯವರ ಅರ್ಜಿ ಜರ್ನಲ್‌ನಲ್ಲಿ ಪ್ರಕಟವಾದರೆ ಆಕ್ಷೇಪಣೆಗೆ ನಾಲ್ಕು ತಿಂಗಳು ಮಾತ್ರ ಅವಕಾಶ. ನಮ್ಮ ವ್ಯಾಪಾರಿಯ ಅರ್ಜಿಯೂ ಪ್ರಕಟವಾಗಿತ್ತು. ನೋಡುವವರು ಯಾರಿದ್ದರು?

ಈ 4,500ರ ಆಸೆಗೆ ಒಂದು ಎಡವಟ್ಟು ಆಗುತ್ತದೆ. ಶುಲ್ಕ ಕಡಿಮೆ ಅಂತ ಅಧ್ಯಕ್ಷೆಯ ಹೆಸರಿನಲ್ಲೇ ಅರ್ಜಿ ಹಾಕಿಬಿಡುತ್ತಾರೆ. ಅಲ್ಲಿಗೆ ಹೆಸರು ಅವರ ಸ್ವಂತ ಆಸ್ತಿ. ನಾಳೆ ಅವರು ಸಂಘ ಬಿಟ್ಟರೆ? ತೀರಿಹೋಗಿ ಮಕ್ಕಳು ಬಂದು ಕೇಳಿದರೆ? ಮಿತ್ರರೇ, ದಯವಿಟ್ಟು ಹಾಗೆ ಮಾಡಬೇಡಿ. ಸಂಘದ ಹೆಸರಿನಲ್ಲೇ ಹಾಕಿ. ಹತ್ತಾರು ಸಂಘಗಳು ಒಂದೇ ಹೆಸರಲ್ಲಿ ಮಾರುವುದಾದರೆ 61ನೇ ಕಲಮಿನಿಂದ ಶುರುವಾಗುವ ಸಾಮೂಹಿಕ ಮಾರ್ಕ್ ಇದೆ. ಯಾರು ಬಳಸಬಹುದು ಎಂಬ ನಿಯಮಾವಳಿಯನ್ನು ಅರ್ಜಿ ಜೊತೆ ಕೊಡಬೇಕು. ಅದನ್ನು ಬರೆಯುವ ನೆಪದಲ್ಲಾದರೂ ಸದಸ್ಯರೆಲ್ಲ ಕೂತು ಮಾತಾಡುತ್ತಾರೆ.

ಇನ್ನು ಹೆಸರು ಆರಿಸುವ ವಿಚಾರ. 'ಶುದ್ಧ', 'ತಾಜಾ', 'ರುಚಿ' ಇಂಥ ವರ್ಣನೆಯ ಪದಗಳಿಗೆ 9ನೇ ಕಲಂ ಅಡ್ಡ ಬರುತ್ತದೆ. ನಮ್ಮವರಿಗೆ ಸಂತರ ಹೆಸರು, ಪವಿತ್ರ ಗ್ರಂಥದ ಪದ ಇಷ್ಟ. ಭಕ್ತಿ ತಪ್ಪಲ್ಲ, ಆದರೆ ಊದುಬತ್ತಿಗೆ 'ರಾಮಾಯಣ' ಎಂಬ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಧರ್ಮಗ್ರಂಥದ ಹೆಸರನ್ನು ಯಾರೂ ತಮ್ಮ ಸರಕಿನ ಮಾರ್ಕ್ ಎಂದು ಹಕ್ಕು ಸಾಧಿಸಲಾಗದು ಎಂದಿತು. ನಮ್ಮೆಲ್ಲರಿಗೂ ಗೊತ್ತಿರುವ 'ನಂದಿನಿ'ಯನ್ನೇ ತೆಗೆದುಕೊಳ್ಳಿ. ಹಾಲು ಮಹಾಮಂಡಲ 1985ರಿಂದ ಬಳಸುತ್ತಿದ್ದ ಹೆಸರು. 1989ರಿಂದ ಒಂದು ಹೋಟೆಲಿನವರೂ ಅದನ್ನೇ ಬಳಸಿದರು. 2018ರಲ್ಲಿ ಸುಪ್ರೀಂ ಕೋರ್ಟ್, ಅದು ಹೊಸದಾಗಿ ಹುಟ್ಟಿಸಿದ ಪದವಲ್ಲ, ದೇವತೆಯ, ಪುರಾಣದ ಹಸುವಿನ ಹೆಸರು, ಹೋಟೆಲಿನವರು ಹಾಲು ಮತ್ತು ಹಾಲಿನ ಉತ್ಪನ್ನ ಬಿಟ್ಟು ಉಳಿದದ್ದಕ್ಕೆ ನೋಂದಣಿ ಪಡೆಯಬಹುದು ಎಂದಿತು. ಎಲ್ಲರಿಗೂ ಸೇರಿದ ಹೆಸರು ಇಟ್ಟುಕೊಂಡರೆ ನಮ್ಮ ಬೇಲಿ ಕಿರಿದಾಗುತ್ತದೆ ಅಂತ ಕಕ್ಷಿದಾರರಿಗೆ ಮೊದಲೇ ಹೇಳಿಬಿಡಿ.

ಲೇಬಲ್ಲಿನ ಚಿತ್ರಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಬರುತ್ತದೆ. 17ನೇ ಕಲಂ ಪ್ರಕಾರ ಮೊದಲ ಮಾಲೀಕ ಸಾಮಾನ್ಯವಾಗಿ ಚಿತ್ರ ಮಾಡಿದವನು. ದುಡ್ಡು ಕೊಟ್ಟು ಮಾಡಿಸಿದ ಫೋಟೊ, ಪೇಂಟಿಂಗ್‌ಗೆ ವಿನಾಯಿತಿ ಇದೆ. ಡಿಟಿಪಿ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಕೂಡಿಸಿದ ಲೇಬಲ್ ಆ ವಿನಾಯಿತಿಗೆ ಬರುತ್ತದೋ ಇಲ್ಲವೋ ಎಂದು ಮುಂದೆ ವಾದ ಮಾಡುವುದಕ್ಕಿಂತ, ಹಣ ಕೊಡುವ ದಿನವೇ ಹಕ್ಕು ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಅದರಲ್ಲಿ ಅವಧಿ ಬರೆಯಲೇಬೇಕು. ಬರೆಯದಿದ್ದರೆ 19ನೇ ಕಲಂ ಪ್ರಕಾರ ಐದೇ ವರ್ಷ.

"ನಮ್ಮ ಸಾರಿನ ಪುಡಿಗೆ ಪೇಟೆಂಟ್ ಮಾಡ್ಸಿ" ಎಂದು ಬರುವವರೂ ಇದ್ದಾರೆ. ಅಜ್ಜಿ ಕಾಲದಿಂದ ಬಂದ ಅಳತೆಗೆ ಪೇಟೆಂಟ್ ಸಿಗದು, ಸಾಂಪ್ರದಾಯಿಕ ಜ್ಞಾನವನ್ನು ಪೇಟೆಂಟ್ ಕಾಯ್ದೆಯ 3ನೇ ಕಲಮೇ ಹೊರಗಿಟ್ಟಿದೆ. ಅಳತೆಯನ್ನು ಗುಟ್ಟಾಗಿಟ್ಟು, ಕೊಳ್ಳುವವರಿಂದ ಕರಾರು ಬರೆಸಿಕೊಳ್ಳುವುದೇ ದಾರಿ. ಹಾಗೆಯೇ ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಭೌಗೋಳಿಕ ಸೂಚಕ ಇದೆ. ಬೇರೆ ಕಡೆಯ ಮೆಣಸಿನಕಾಯಿ ಹಾಕಿ ಪೊಟ್ಟಣದ ಮೇಲೆ ಬ್ಯಾಡಗಿ ಎಂದು ಅಚ್ಚು ಹಾಕಿಸಬೇಡಿ ಎಂದು ಅಕ್ಕಂದಿರಿಗೆ ನಾವು ನೇರವಾಗಿಯೇ ಹೇಳುತ್ತಿದ್ದೇವೆ.

ಊಟಕ್ಕೆ ಹೊತ್ತಾಯಿತು. ಏಳು ಸಂಘದವರು ತಮ್ಮ ಪೊಟ್ಟಣ, ಬಿಲ್ಲು, ನಡಾವಳಿ ಪುಸ್ತಕ ತಂದಿದ್ದಾರೆ. ಊಟದ ನಂತರ ಇಬ್ಬಿಬ್ಬರು ವಕೀಲರು ಒಂದೊಂದು ಸಂಘದ ಜೊತೆ ಕೂತು, ಹೆಸರು ಯಾವ ದಿನ ಮೊದಲು ಬಳಕೆಗೆ ಬಂತು ಎಂಬುದಕ್ಕೆ ಸಿಗುವ ಅತಿ ಹಳೆಯ ಕಾಗದವನ್ನು ಹುಡುಕಿ ಕೊಡಬೇಕಾಗಿ ವಿನಂತಿ.