ಮುರಕಲ್ಲ ಹಾಸಿನ ಮೇಲಣ ಚರಿತ್ರೆ



ಕರಾವಳಿಯ ಚರಿತ್ರೆಯೆಂದೊಡನೆ ಬಂದರು, ಕೋಟೆ, ದೇಗುಲಗಳು ನೆನಪಾಗುತ್ತವೆ. ಆದರೆ ಅದರ ಅತಿ ಪ್ರಾಚೀನ ಪುಟಗಳು ಬಯಲಿನ ಮುರಕಲ್ಲ ಹಾಸಿನ ಮೇಲೆ ತೆರೆದು ಬಿದ್ದಿವೆ.

ಗೋವೆಯ ಉಸ್ಗಳಿಮಳ್‌ನಲ್ಲಿ, ಕುಶಾವತಿಯ ದಡದ ಬಂಡೆಯಲ್ಲಿ ಗೂಳಿ, ಜಿಂಕೆ, ಸುರುಳಿಚಕ್ರಗಳನ್ನು ಕೊರೆಯಲಾಗಿದೆ. 1993ರಲ್ಲಿ ಅವುಗಳನ್ನು ವಿದ್ವಾಂಸರಿಗೆ ತೋರಿದವರು ಸ್ಥಳೀಯರೇ. ರತ್ನಾಗಿರಿ ಜಿಲ್ಲೆಯ ಕಶೇಳಿಯಲ್ಲಿ ಸುಮಾರು 18 ಮೀಟರ್ ಉದ್ದದ ಆನೆಯಿದೆ. ಅದರ ಒಡಲೊಳಗೆ ಹಲವು ಪ್ರಾಣಿಗಳಿವೆ. ಇಂದು ಕೊಂಕಣದಲ್ಲಿ ಕಾಣದ ಖಡ್ಗಮೃಗವೂ ಅಲ್ಲಿನ ಕಲ್ಲಿನಲ್ಲಿ ಉಳಿದಿದೆ. ಹೀಗೆ ಈ ರೇಖೆಗಳು ಕಳೆದುಹೋದ ಕಾಡಿನ ದಾಖಲೆಯೂ ಹೌದು.

2022ರಲ್ಲಿ ಇಂತಹ 9 ನೆಲೆಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಪಟ್ಟಿಯ ಹೊರಗುಳಿದವು ಅನೇಕ. ಕೊಲ್ಲೂರಿನ ಸಮೀಪದ ಅವಲಕ್ಕಿಪಾರೆಯಲ್ಲಿಯೂ ಪ್ರಾಗೈತಿಹಾಸಿಕ ರೇಖೆಗಳಿವೆ.

ಮನೆ ಕಟ್ಟುವ ಚಿರೆಕಲ್ಲು ದೊರೆಯುವುದೂ ಇಂತಹ ಹಾಸುಗಳಿಂದಲೇ. ಕಲ್ಲು ಕಡಿಯುವವನಿಗೆ ಅದು ಅನ್ನ. ಆದುದರಿಂದ ಕಡಿಯುವ ಮುನ್ನ ನೋಡುವುದು ಅಗತ್ಯ. ಕಡಿದ ಮರದ ಬುಡ ಚಿಗುರೀತು, ಕಡಿದ ಕಲ್ಲಿನ ಚಿತ್ರ ಚಿಗುರದು.

ಊರಿನ ಪಾರೆಯಲ್ಲಿ ಗೆರೆ ಕಂಡರೆ ಕೆರೆಯಬೇಡಿ, ಸುಣ್ಣ ತುಂಬಬೇಡಿ. ಸ್ಥಳವನ್ನು ಗುರುತಿಸಿಕೊಂಡು ಗ್ರಾಮಪಂಚಾಯಿತಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿರಿ. ದನ ಕಾಯುವವರು, ಸೊಪ್ಪು ತರುವವರು ಬಲ್ಲಷ್ಟು ಬಂಡೆಗಳನ್ನು ಯಾವ ನಕಾಶೆಯೂ ಅರಿಯದು.