ಬಿಲ್ ಒಂದಾಯ್ತು, ಮನೆ ಫೋನ್ ಯಾರದಾಯ್ತು?



ಟಿವಿ, ಇಂಟರ್ನೆಟ್, ಮನೆ ಫೋನ್. ಮೂರೂ ಒಂದೇ ಪ್ಲಾನಲ್ಲಿ, ಮೂರಕ್ಕೂ ಸೇರಿ ಒಂದೇ ಬಿಲ್. ಈ ಜಾಹೀರಾತನ್ನು ನೀವೆಲ್ಲ ನೋಡಿರ್ತೀರಿ. ಬೆಳಗ್ಗೆ ಪೇಪರ್ ಬಿಡಿಸಿದರೆ ಒಳಗಿಂದ ಕರಪತ್ರ ಬೀಳುತ್ತೆ. ಕರೆಂಟ್ ಕಂಬದ ಮೇಲೆ ಬೋರ್ಡ್ ನೇತಾಡುತ್ತೆ. ಬಹುಶಃ ಈ ಕಾರ್ಯಕ್ರಮದ ಬ್ರೇಕ್‌ನಲ್ಲೂ ಬರುತ್ತೆ. ಅಂಥ ಜಾಹೀರಾತಿನ ದುಡ್ಡಿಂದಲೂ ನಮ್ಮಂಥ ಚಾನೆಲ್‌ಗಳು ನಡೆಯುತ್ತವೆ, ಅದನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ. ಆದರೂ ಇವತ್ತು ಈ ವಿಷಯ ಮಾತಾಡಲೇಬೇಕು.

ಇದು ಶುರುವಾಗಿದ್ದು ಹೇಗೆ ಅಂತ ಸ್ವಲ್ಪ ನೆನಪು ಮಾಡಿಕೊಳ್ಳೋಣ. 2019ರ ಸೆಪ್ಟೆಂಬರ್ 5ಕ್ಕೆ ಜಿಯೋ ಫೈಬರ್ ಬಂತು. ಇಂಟರ್ನೆಟ್ ಜೊತೆಗೆ ಮನೆ ಫೋನ್, ಸೆಟ್‌ಟಾಪ್ ಬಾಕ್ಸ್ ಎಲ್ಲ ಒಂದೇ ಕಡೆ ಅಂತ ಹೇಳಿತು. 2021ರ ಜುಲೈನಲ್ಲಿ ಏರ್‌ಟೆಲ್ ಬ್ಲ್ಯಾಕ್ ಬಂತು. ಮೊಬೈಲ್, ಡಿಟಿಎಚ್, ಫೈಬರ್ ಮೂರನ್ನೂ ಒಂದೇ ಬಿಲ್ಲಿಗೆ ತಂತು. ಬಿಎಸ್‌ಎನ್‌ಎಲ್ ಕೂಡ ಫೈಬರ್ ಮೇಲೆ ಟಿವಿ ಕೊಡೋಕೆ ಶುರು ಮಾಡಿದೆ. ಬೆಂಗಳೂರಲ್ಲಿ ಶುರುವಾದ ಈ ಮಾತು ಇವತ್ತು ಶಿವಮೊಗ್ಗ, ಭದ್ರಾವತಿಯ ಬಡಾವಣೆಗಳಿಗೂ ಬಂದಿದೆ.

ಮೊದಲು ಒಳ್ಳೆಯದನ್ನೇ ಹೇಳ್ತೀನಿ. ಕೇಬಲ್‌ಗೆ ತಿಂಗಳಿಗೆ 350, ಬ್ರಾಡ್‌ಬ್ಯಾಂಡ್‌ಗೆ 600, ಫೋನ್ ಬಾಡಿಗೆ ಬೇರೆ, ಹೀಗೆ ಕೊಡುತ್ತಿದ್ದ ಮನೆಗೆ ಒಂದೇ ಪ್ಲಾನ್ ತಗೊಂಡರೆ ಉಳಿತಾಯ ಆಗಬಹುದು. ಅದು ಸುಳ್ಳಲ್ಲ. ಆದರೆ ಬೋರ್ಡಲ್ಲಿ ಬರೆದ ಅಂಕಿಯನ್ನು ಮಾತ್ರ ನೋಡಬೇಡಿ. 699 ಅಂತ ದೊಡ್ಡದಾಗಿ ಬರೆದಿರ್ತಾರೆ ಅಂದುಕೊಳ್ಳಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿಸಿದರೆ 825 ರೂಪಾಯಿ ಹತ್ತಿರ ಆಯ್ತು. ಇನ್‌ಸ್ಟಾಲೇಷನ್ ಉಚಿತ ಬೇಕಾದರೆ ಆರು ತಿಂಗಳದ್ದು ಮುಂಗಡ ಕಟ್ಟಿ ಅಂತಾರೆ. ಆಗ ಒಂದೇ ಸಲ ಕೈಬಿಡೋದು 4,949 ರೂಪಾಯಿ. ಪೆನ್ಷನ್ ಮೇಲೆ ನಡೆಯೋ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ಇನ್ನು ಸ್ಪೀಡ್. ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಈ ಒಂದು ಲೆಕ್ಕ ಹೇಳಿಬಿಡ್ತೀನಿ. 30 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 30 ಎಂಬಿ ಇಳಿಯುತ್ತೆ ಅಂತ ಅಲ್ಲ. ಅಲ್ಲಿರೋದು ಬಿಟ್, ನಿಮ್ಮ ಫೈಲ್ ಇರೋದು ಬೈಟ್‌ನಲ್ಲಿ. ಎಂಟರಿಂದ ಭಾಗಿಸಬೇಕು. ಸೆಕೆಂಡಿಗೆ ನಾಲ್ಕು ಎಂಬಿಗಿಂತ ಕಡಿಮೆ. ಆದರೆ ಗಾಬರಿ ಬೇಡ, ಎಚ್‌ಡಿ ಗುಣಮಟ್ಟದಲ್ಲಿ ಟಿವಿ ನೋಡೋಕೆ 5 ಎಂಬಿಪಿಎಸ್ ಸುಮಾರಾಗಿ ಸಾಕು. ಗಂಡ ಹೆಂಡತಿ ಇಬ್ಬರೇ ಇರೋ ಮನೆಗೆ 30 ಧಾರಾಳ. ಅನ್‌ಲಿಮಿಟೆಡ್ ಅಂತ ಹೇಳಿ ಕೆಳಗೆ ಚಿಕ್ಕ ಅಕ್ಷರದಲ್ಲಿ 3,300 ಜಿಬಿ ಮಿತಿ ಅಂತ ಬರೆದಿರೋ ಪ್ಲಾನ್‌ಗಳಿವೆ. ಆ 3,300 ಜಿಬಿ ಮುಗಿಸಬೇಕಾದರೆ ಎರಡು ಟಿವಿಯನ್ನು ಹಗಲು ರಾತ್ರಿ ಆರಿಸದೆ ಇಡಬೇಕು. ಹಾಗಾಗಿ ಸಾಮಾನ್ಯ ಮನೆಗೆ ತೊಂದರೆ ಬರೋದು ಅಲ್ಲಿಂದ ಅಲ್ಲ. ದೊಡ್ಡ ಸ್ಪೀಡಿಗೆ ದೊಡ್ಡ ದುಡ್ಡು ಕೊಡೋ ಮುಂಚೆ ಇದೊಂದು ನೆನಪಿರಲಿ.

ಹಾಗಾದರೆ ತೊಂದರೆ ಎಲ್ಲಿ? ಅದನ್ನು ಹೇಳೋಕೆ ನಿಮ್ಮನ್ನು ನವುಲೆಗೆ ಕರೆದುಕೊಂಡು ಹೋಗಬೇಕು.

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದರೆ ನವುಲೆ. ಒಂದು ಕಾಲಕ್ಕೆ ಊರ ಹೊರಗಿನ ಹಳ್ಳಿ. 1980ರಲ್ಲಿ ಶುರುವಾದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕ್ರಿಕೆಟ್ ಸ್ಟೇಡಿಯಂ ಎಲ್ಲ ಅಲ್ಲೇ. ಹುಡುಗರ ರೂಮುಗಳು ಒಂದು ಕಡೆ, ರಿಟೈರ್ ಆದವರ ಮನೆಗಳು ಇನ್ನೊಂದು ಕಡೆ. ಆ ರಿಟೈರ್ ಆದವರ ಮಕ್ಕಳು ಎಲ್ಲಿ? ಬೆಂಗಳೂರಲ್ಲಿ, ಹೈದರಾಬಾದಲ್ಲಿ, ಅಮೆರಿಕದಲ್ಲಿ. ನನ್ನ ಸೋದರತ್ತೆ, ಮಾವ ಇರೋದೂ ಅಲ್ಲೇ. ಅವರ ಮಗ ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದಾನೆ.

ಮಗನಿಗೆ ಅಪ್ಪ ಅಮ್ಮನ ಮೇಲೆ ಪ್ರೀತಿ. ಮೂರು ಬಿಲ್ ಕಟ್ಟೋಕೆ ಅವರು ಯಾಕೆ ಓಡಾಡಬೇಕು ಅಂತ ಬೆಂಗಳೂರಲ್ಲೇ ಕೂತು ಆ್ಯಪಿನಲ್ಲಿ ಪ್ಲಾನ್ ಬುಕ್ ಮಾಡಿದ. ಎರಡು ದಿನಕ್ಕೆ ಹುಡುಗರು ಬಂದು ಫೈಬರ್ ಎಳೆದು, ಗೋಡೆಗೆ ಬಾಕ್ಸ್ ಹೊಡೆದು ಹೋದರು. ಕೇಬಲ್ ಕಟ್ ಆಯ್ತು. ಹಳೆಯ ಲ್ಯಾಂಡ್‌ಲೈನ್ ಸರೆಂಡರ್ ಆಯ್ತು. ಮಳೆಗಾಲದವರೆಗೆ ಎಲ್ಲ ಸುಖವಾಗಿತ್ತು.

ಮಲೆನಾಡಿನ ಆಷಾಢ ಹೇಗಿರುತ್ತೆ ಅಂತ ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಂಜೆ ಗಾಳಿ ಮಳೆಗೆ ಎಲ್ಲೋ ಕೊಂಬೆ ಬಿತ್ತು. ಕರೆಂಟ್ ಹೋಯ್ತು. ಕರೆಂಟ್ ಜೊತೆಗೆ ಟಿವಿ, ವೈಫೈ, ಫೋನ್ ಎಲ್ಲ ಒಟ್ಟಿಗೆ ಹೋದವು. ಮಾರನೇ ದಿನ ಕರೆಂಟ್ ಬಂತು, ಬಾಕ್ಸ್ ಮೇಲೆ ಕೆಂಪು ದೀಪ ಹಾಗೇ ಇತ್ತು. ಫೈಬರ್ ಎಲ್ಲೋ ತುಂಡಾಗಿದೆ. ಮಾವ ತಮ್ಮ ಮೊಬೈಲಿಂದ ಕಸ್ಟಮರ್ ಕೇರ್‌ಗೆ ಕರೆ ಮಾಡಿದರು. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ ಅಂತೆಲ್ಲ ಆದ ಮೇಲೆ ಬಂದ ಉತ್ತರ: ದಯವಿಟ್ಟು ನಿಮ್ಮ ನೋಂದಾಯಿತ ನಂಬರ್‌ನಿಂದ ಕರೆ ಮಾಡಿ. ನೋಂದಾಯಿತ ನಂಬರ್ ಯಾರದು? ಮಗನದು. ಮಗ ನೈಟ್ ಶಿಫ್ಟ್ ಮುಗಿಸಿ ಫೋನ್ ಸೈಲೆಂಟ್ ಮಾಡಿ ಮಲಗಿದ್ದಾನೆ.

ಮಾವ ನನಗೆ ಫೋನ್ ಮಾಡಿದರು. "ಅಲ್ಲಪ್ಪಾ, ನನ್ನ ಮನೆ ಫೋನ್ ಕೆಟ್ಟಿದೆ ಅಂತ ಹೇಳೋಕೂ ನನ್ನ ಮಗನ ಫೋನೇ ಬೇಕಂತೆ. ಮನೆ ನಂದಾ, ಅವನದಾ?"

ಸರಿಯಾಗೋಕೆ ನಾಲ್ಕು ದಿನ ಹಿಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಾವ ಕೇಳಿದ ಆ ಪ್ರಶ್ನೆ ಇಡೀ ಕರ್ನಾಟಕದ ಪ್ರಶ್ನೆ ಅಂತ ನನಗೆ ಅನ್ನಿಸ್ತು. ಯಾಕೆ ಅಂದರೆ ಇವತ್ತು ಸಾವಿರಾರು ಮನೆಗಳಲ್ಲಿ ಪ್ಲಾನ್ ಆರಿಸೋನು ಒಬ್ಬ, ಆ ಮನೆಯಲ್ಲಿ ವಾಸ ಮಾಡೋರು ಇನ್ನೊಬ್ಬರು.

ಕರೆಂಟ್ ಹೋದರೆ ಫೋನ್ ಯಾಕೆ ಹೋಗಬೇಕು? ಹಳೆಯ ಲ್ಯಾಂಡ್‌ಲೈನ್ ಹೋಗ್ತಿರಲಿಲ್ಲ, ನೆನಪಿದೆಯಾ? ಊರೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಬರ್ತಿತ್ತು. ಕಾರಣ, ಆ ತಾಮ್ರದ ತಂತಿಯಲ್ಲಿ ಮಾತಿನ ಜೊತೆಗೆ ಕರೆಂಟೂ ಬರ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್. ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹೋಗುತ್ತೆ, ಕರೆಂಟ್ ಹೋಗಲ್ಲ. ನಿಮ್ಮ ಗೋಡೆಯ ಮೇಲಿರೋ ಬಾಕ್ಸ್‌ಗೆ ಕರೆಂಟ್ ಕೊಡಬೇಕಾದವರು ನೀವೇ. ಅದನ್ನು ನಿಮಗೆ ಯಾರಾದರೂ ಹೇಳಿದ್ರಾ? ಕರಪತ್ರದಲ್ಲಿ ಇತ್ತಾ?

ಹಾಗಂತ ಹಳೆಯದನ್ನೇ ಹಿಡಿದು ಕೂರಿ ಅಂತ ನಾನು ಹೇಳ್ತಿಲ್ಲ. ಹಳೆಯದೂ ಈಗ ಹಳೆಯದಾಗಿ ಉಳಿದಿಲ್ಲ. 2020ರ ಜನವರಿ 31ಕ್ಕೆ ಬಿಎಸ್‌ಎನ್‌ಎಲ್‌ನಿಂದ ಒಂದೇ ದಿನ 78 ಸಾವಿರಕ್ಕೂ ಹೆಚ್ಚು ಜನ ಸ್ವಯಂ ನಿವೃತ್ತಿ ಪಡೆದು ಮನೆಗೆ ಹೋದರು. ಸೈಕಲ್ ಮೇಲೆ ಬಂದು ಕಂಬ ಹತ್ತುತ್ತಿದ್ದ ಲೈನ್‌ಮ್ಯಾನ್ ಈಗ ಎಲ್ಲಿ ಸಿಗ್ತಾನೆ? ತಾಮ್ರ ಹೋಗಿ ಫೈಬರ್ ಬರೋದು ಖಚಿತ. ಡಿಶ್ ಇದ್ದರೂ ಅಷ್ಟೇ, ಜೋರು ಮಳೆ ಬಂದರೆ ಸಿಗ್ನಲ್ ಹೋಗುತ್ತೆ, ಮಲೆನಾಡಿನವರಿಗೆ ಗೊತ್ತು. ಮಳೆಗೆ ಫೈಬರ್ ಸಿಗ್ನಲ್ ಕುಗ್ಗಲ್ಲ, ಆದರೆ ಕಂಬದಿಂದ ಕಂಬಕ್ಕೆ ಜೋತುಬಿದ್ದ ಎಳೆಗೆ ಒಂದು ಕೊಂಬೆ ಸಾಕು. ಪ್ರತಿಯೊಂದಕ್ಕೂ ಅದರದೇ ಕಾಯಿಲೆ. ಮೊದಲು ಕಾಯಿಲೆ ಬೇರೆ ಬೇರೆ ದಿನ ಬರ್ತಿತ್ತು. ಕೇಬಲ್ ಹೋದರೆ ಫೋನ್ ಇರ್ತಿತ್ತು, ಫೋನ್ ಹೋದರೆ ಕೇಬಲ್‌ನವನ ಹತ್ತಿರ ಹೇಳಿ ಕಳಿಸಬಹುದಿತ್ತು. ಈಗ ಮೂರಕ್ಕೂ ಒಂದೇ ದಿನ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಒಂದು ಬಿಲ್ ಅಂದ ಮಾತ್ರಕ್ಕೆ ಒಂದೇ ತಂತಿ ಅಂತ ಅಲ್ಲ. ಕೆಲವು ಪ್ಲಾನ್‌ನಲ್ಲಿ ಟಿವಿ ಡಿಶ್‌ನಿಂದ ಬರುತ್ತೆ, ಇಂಟರ್ನೆಟ್ ಫೈಬರ್‌ನಿಂದ ಬರುತ್ತೆ. ಕೆಲವು ಕಡೆ ಮೂರೂ ಒಂದೇ ಎಳೆಯಲ್ಲಿ. ಕೊಳ್ಳೋ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಎಳೆ ತುಂಡಾದರೆ ನನ್ನ ಮನೆಯಲ್ಲಿ ಏನು ಉಳಿಯುತ್ತೆ?

ಎರಡನೇದು ನಂಬರ್. 08182 ಅಂತ ಶುರುವಾಗೋ ಮನೆ ನಂಬರ್, ಭದ್ರಾವತಿಯಾದರೆ 08282. ಮೂವತ್ತು ವರ್ಷದಿಂದ ಆ ನಂಬರ್ ಗ್ಯಾಸ್ ಪುಸ್ತಕದಲ್ಲಿದೆ, ಬ್ಯಾಂಕಲ್ಲಿದೆ, ನೆಂಟರ ಡೈರಿಯಲ್ಲಿದೆ. ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸೋ ಹಕ್ಕು ದೇಶಾದ್ಯಂತ 2011ರ ಜನವರಿಯಿಂದ ಇದೆ. ಲ್ಯಾಂಡ್‌ಲೈನ್‌ಗೆ ಆ ಹಕ್ಕು ಇಲ್ಲ. ಬೇರೆ ಕಂಪನಿಗೆ ಹೋದರೆ ಹಳೆಯ ನಂಬರ್ ಬಿಟ್ಟು ಹೋಗಬೇಕು. ಎಲ್ಲರಿಗೂ ಮೊಬೈಲ್ ಇದೆಯಲ್ಲ ಅಂತೀರಾ? ಹಳೇ ಸ್ನೇಹಿತರಿಗೆ ಬಾಯಿಪಾಠ ಇರೋದು ಆ ಮನೆ ನಂಬರ್ ಮಾತ್ರ. ಅದನ್ನು ಸರೆಂಡರ್ ಮಾಡೋ ನಿರ್ಧಾರ ಬೆಂಗಳೂರಿನ ಆ್ಯಪಿನಲ್ಲಿ ಆಗಬಾರದು.

ಮೂರನೇದು ಆಯ್ಕೆ. 2019ರ ಫೆಬ್ರವರಿ 1 ನೆನಪಿದೆಯಾ? ನೋಡದ ಚಾನೆಲ್‌ಗೆ ದುಡ್ಡು ಯಾಕೆ ಕೊಡಬೇಕು, ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಿ ಅಂತ ಟ್ರಾಯ್ ಹೊಸ ನಿಯಮ ತಂತು. ನೂರು ಚಾನೆಲ್‌ವರೆಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಬೇಕಾದ ಪೇ ಚಾನೆಲ್‌ಗೆ ಅದರದ್ದೇ ಬೆಲೆ. ಆಗ ಎಷ್ಟು ಗಲಾಟೆ, ಎಷ್ಟು ಗೊಂದಲ! ಆದರೂ ಕಟ್ಟು ಬಿಚ್ಚಿ ಬಿಡಿಯಾಗಿ ಕೊಳ್ಳೋ ಹಕ್ಕು ನಮ್ಮ ಕೈಗೆ ಬಂತು. ಈಗ ನಾವೇ ಹೋಗಿ ಇನ್ನೂ ದೊಡ್ಡ ಕಟ್ಟಿಗೆ ಸಿಕ್ಕಿಕೊಳ್ತಿದ್ದೀವಿ. ಹದಿನಾಲ್ಕು ಒಟಿಟಿ ಉಚಿತ ಅಂತಾರೆ. ನವುಲೆಯ ಅತ್ತೆಗೆ ಬೇಕಾಗಿರೋದು ಚಂದನ, ಎರಡು ಧಾರಾವಾಹಿ, ರಾತ್ರಿ ಸುದ್ದಿ. ಉಳಿದ ಹನ್ನೆರಡು ಒಟಿಟಿ ಯಾರಿಗೆ? ಉಚಿತ ಅನ್ನೋದರ ಬೆಲೆ ಆ ಬಿಲ್ಲಿನ ಒಳಗೇ ಇರುತ್ತೆ ಸ್ವಾಮಿ.

ಕೇಬಲ್‌ನವರನ್ನು ಹೊಗಳೋಕೆ ನಾನು ಹೊರಟಿಲ್ಲ. ಎಷ್ಟೋ ಕಡೆ ರಸೀದಿ ಇಲ್ಲದೆ ವಸೂಲಿ ಮಾಡಿದ್ದಾರೆ, ಮನಸ್ಸಿಗೆ ಬಂದಾಗ ರೇಟ್ ಏರಿಸಿದ್ದಾರೆ. ಆದರೆ ಅವನು ತಿಂಗಳಿಗೊಮ್ಮೆ ಬಾಗಿಲಿಗೆ ಬರ್ತಿದ್ದ. ನಿಲ್ಲಿಸಿ ಬೈಯೋಕೆ ಒಂದು ಮುಖ ಇತ್ತು. ಈಗಲೂ ಎಷ್ಟೋ ಊರಲ್ಲಿ ಆ ಕೇಬಲ್‌ನವನೇ ಫೈಬರ್ ಕಂಪನಿಯ ಪಾರ್ಟ್‌ನರ್. ಹಾಗಿದ್ದರೆ ಅವನ ನಂಬರ್ ಅಪ್ಪ ಅಮ್ಮನ ಮೊಬೈಲಲ್ಲಿ ಇರಲಿ. ಕಸ್ಟಮರ್ ಕೇರ್‌ಗಿಂತ ಬೇಗ ಬರೋನು ಅವನೇ.

ಸರಿ, ಏನು ಮಾಡಬೇಕು? ಪ್ಲಾನ್ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಹೊಸದು ಬಂದ ದಿನವೇ ಹಳೆಯದನ್ನು ಕಟ್ ಮಾಡಿಸಬೇಡಿ. ಒಂದು ತಿಂಗಳು ಎರಡೂ ಇರಲಿ, ಸಾಧ್ಯವಾದರೆ ಒಂದು ಮಳೆ ನೋಡಿ. ನಿಮ್ಮ ಲ್ಯಾಂಡ್‌ಲೈನ್ ಇರೋ ಕಂಪನಿಯದ್ದೇ ಫೈಬರ್ ತಗೊಂಡರೆ ಹಳೆಯ ನಂಬರ್ ಉಳಿಯುತ್ತಾ ಅಂತ ಮೊದಲು ಕೇಳಿ. ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತೆ, ಹಾಕಿಸಿ. ಇಲ್ಲದಿದ್ದರೆ ಮನೆಯ ಇನ್ವರ್ಟರ್ ಲೈನ್‌ಗೆ ಆ ಬಾಕ್ಸ್ ಸೇರಿಸಿ. ಮನೆಗೆ ಫೈಬರ್ ಯಾವ ಕಂಪನಿಯದ್ದೋ, ಮನೆಯ ಒಂದು ಮೊಬೈಲಾದರೂ ಬೇರೆ ಕಂಪನಿಯದ್ದಿರಲಿ. 108ಕ್ಕೋ 112ಕ್ಕೋ ಕರೆ ಮಾಡಬೇಕಾದ ಹೊತ್ತಲ್ಲಿ ಎಲ್ಲ ಒಂದೇ ಕಡೆ ಕಟ್ಟಿ ಹಾಕಿರಬಾರದು.

ಎಲ್ಲಕ್ಕಿಂತ ಮುಖ್ಯ, ನೋಂದಾಯಿತ ನಂಬರ್. ದುಡ್ಡು ನೀವು ಬೆಂಗಳೂರಿಂದ ಕಟ್ಟಿ, ಬೇಡ ಅಂದವರಾರು? ಕನೆಕ್ಷನ್ ಮಾತ್ರ ಆ ಮನೆಯಲ್ಲಿ ಇರೋರ ಹೆಸರಲ್ಲಿ, ಅವರ ಮೊಬೈಲ್ ನಂಬರಲ್ಲಿ ಇರಲಿ. ಒಟಿಪಿ ಅವರಿಗೇ ಬರಲಿ. ದೂರು ಅವರೇ ಕೊಡಲಿ. ಒಟಿಪಿಯನ್ನು ಯಾರಿಗೂ ಹೇಳಬಾರದು ಅಂತ ಮಾತ್ರ ಕಲಿಸಿಕೊಡಿ.

ದೂರು ಕೊಟ್ಟರೆ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಕಸ್ಟಮರ್ ಕೇರ್ ಕೇಳದಿದ್ದರೆ ಅದೇ ಕಂಪನಿಯಲ್ಲಿ ಮೇಲ್ಮನವಿ ಪ್ರಾಧಿಕಾರ ಇದೆ. ಟ್ರಾಯ್‌ಗೆ ಬರೆಯೋಣ ಅಂದರೆ, ಒಬ್ಬೊಬ್ಬ ಗ್ರಾಹಕನ ದೂರನ್ನು ಟ್ರಾಯ್ ವಿಚಾರಣೆ ಮಾಡಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಟೆಲಿಕಾಂ ದೂರನ್ನು ಗ್ರಾಹಕರ ಆಯೋಗ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನೀವು ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಮನೆ ಫೋನ್ ಬಿಲ್ ಐದು ಲಕ್ಷ ದಾಟೋದು ಯಾವಾಗ, ಹೇಳಿ?

ಇನ್ನು ಕಂಪನಿಗಳಿಗೆ ಒಂದು ಮಾತು. ಒಂದು ಬಿಲ್ ಕೊಡೋದು ಸುಲಭ. ಒಂದು ಬಿಲ್ ತಗೊಂಡ ಮೇಲೆ ಜವಾಬ್ದಾರಿಯೂ ಮೂರು ಪಟ್ಟು ಆಗುತ್ತೆ. ಮನೆಯಲ್ಲಿರೋ ಎಪ್ಪತ್ತು ವರ್ಷದ ಗ್ರಾಹಕ ತನ್ನ ಮೊಬೈಲಿಂದ ಕರೆ ಮಾಡಿದರೆ ಅವನ ದೂರು ಬರೆದುಕೊಳ್ಳೋಕೆ ಯಾವ ತಂತ್ರಜ್ಞಾನವೂ ಅಡ್ಡ ಬರಲ್ಲ. ಮನಸ್ಸಿರಬೇಕು. ಇದನ್ನು ಕಡ್ಡಾಯ ಮಾಡೋಕೆ ಟ್ರಾಯ್‌ಗೂ ಕಷ್ಟ ಏನಿಲ್ಲ.

ಊರಲ್ಲಿ ಅಪ್ಪ ಅಮ್ಮ ಇರೋರೆಲ್ಲ ಇವತ್ತು ಮನೆಗೆ ಫೋನ್ ಮಾಡಿ. ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ: ಕನೆಕ್ಷನ್ ಯಾರ ನಂಬರಲ್ಲಿದೆ? ನಿಮ್ಮ ನಂಬರಲ್ಲಿದ್ದರೆ, ನಾಳೆಯೇ ಬದಲಾಯಿಸಿ.