ಶಾಲೆಯಿಂದ ಮನೆಗೆ ಹೃದಯದ ಪಾಠ

(ವಿಶ್ವ ಹೃದಯ ದಿನವಾದ ಸೆಪ್ಟೆಂಬರ್ 29ರಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ನಾನು ಹಿಂದೆ ಸೇವೆ ಸಲ್ಲಿಸಿದ ಗ್ರಾಮ ಪಂಚಾಯಿತಿಯಲ್ಲಿ ನೀರುಗಂಟಿಯೊಬ್ಬರಿದ್ದರು. ಒಂದು ರಾತ್ರಿ ಅವರಿಗೆ ಎದೆ ಬಿಗಿದು, ಎಡತೋಳು ನೋಯತೊಡಗಿ, ಮೈ ಬೆವರಿತು. ಮನೆಯವರು ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿಸಿ, ಬೆಳಗಿನ ಬಸ್ಸಿಗಾಗಿ ಕಾದರು. ಬಸ್ಸು ಬರುವ ಮುನ್ನವೇ ಅವರು ತೀರಿಕೊಂಡರು. ಆ ಮನೆಯಲ್ಲಿ ಏಳನೇ ತರಗತಿಯ ಬಾಲಕಿಯಿದ್ದಳು. ಹೃದಯದ ಚಿತ್ರ ಬಿಡಿಸಿ ನಾಲ್ಕು ಕೋಣೆಗಳನ್ನು ಗುರುತಿಸಲು ಆಕೆಗೆ ಬರುತ್ತಿತ್ತು; ಆ ನೋವು ಹೃದಯದ್ದಿರಬಹುದೆಂದು ಮಾತ್ರ ಯಾರೂ ಆಕೆಗೆ ಕಲಿಸಿರಲಿಲ್ಲ. ಈ ಕೊರತೆ ಆಕೆಯದಲ್ಲ, ನಮ್ಮದು.

ನಾನು ವೈದ್ಯನಲ್ಲ, ಓದಿದ್ದು ಎಂಜಿನಿಯರಿಂಗ್. ಪೈಪು ಕಟ್ಟಿಕೊಂಡರೆ ಕೊನೆಯ ಮನೆಗೆ ನೀರು ತಲುಪದೆಂಬುದನ್ನು ಬಲ್ಲೆ. ಹೃದಯದ ರಕ್ತನಾಳ ಮುಚ್ಚಿಕೊಂಡಾಗಲೂ ಹಾಗೆಯೇ. ಅಲ್ಲಿ ಸಮಯ ಕಳೆದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಆದ್ದರಿಂದ ಮಕ್ಕಳೇ, ಇಂತಹ ಲಕ್ಷಣ ಕಂಡೊಡನೆ 108ಕ್ಕೆ ಕರೆ ಮಾಡಿರಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಗೊಳಪಟ್ಟ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ.

ಇನ್ನು, ಮನೆಯಲ್ಲಿ ಮಾಡಬೇಕಾದ ಒಂದು ಲೆಕ್ಕ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಐವರಿರುವ ಮನೆಗೆ ದಿನಕ್ಕೆ 25 ಗ್ರಾಂ ಎಂದರೆ, 1 ಕಿಲೋ ಪೊಟ್ಟಣ ಕನಿಷ್ಠ 40 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪನ್ನೂ ಇದರೊಳಗೇ ಎಣಿಸಬೇಕು. ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆ ಬರೆದು, ಮುಗಿದ ದಿನ ಲೆಕ್ಕ ಮಾಡಿ ಗುರುಗಳಿಗೆ ತೋರಿಸಿರಿ. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಅದು ಬಹುಪಾಲು ಯಾವ ಸೂಚನೆಯನ್ನೂ ಕೊಡದೆ ಹೃದಯವನ್ನು ದಣಿಸುತ್ತದೆ. ಮನೆಯಲ್ಲಿ 30 ವರ್ಷ ದಾಟಿದ ಹಿರಿಯರನ್ನು ಆರೋಗ್ಯ ಕೇಂದ್ರದ ಉಚಿತ ತಪಾಸಣೆಗೆ ಕರೆತರುವ ಹೊಣೆಯೂ ನಿಮ್ಮದಾಗಲಿ.

ಪಂಚಾಯಿತಿಗೂ ಹೊಣೆಯಿದೆ. 2003ರ ಕಾಯ್ದೆಯಂತೆ ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಪದಾರ್ಥಗಳ ಮಾರಾಟ ನಿಷಿದ್ಧ. ಒಳಗೆ ಹೃದಯದ ಪಾಠ, ಗೇಟಿನ ಹೊರಗೆ ಬೀಡಿ ಸಿಗರೇಟು ಎಂದಾದರೆ ಮಕ್ಕಳು ನಮ್ಮ ಮಾತನ್ನು ನಂಬಲಾರರು. ಈ ನಿಯಮ ಪಾಲನೆಯಾಗಿದೆಯೇ ಎಂದು ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ನನ್ನನ್ನೇ ಪ್ರಶ್ನಿಸಿರಿ. ಉತ್ತರಿಸಲು ನಾನು ಬದ್ಧನಾಗಿದ್ದೇನೆ.

ಇಂದು ಮನೆಗೆ ಹೋದೊಡನೆ ಈ ಪಾಠವನ್ನು ಹಿರಿಯರಿಗೆ ಒಪ್ಪಿಸಬೇಕೆಂದು ಕೋರುತ್ತ, ನನ್ನ ಮಾತುಗಳನ್ನು ಮುಗಿಸುತ್ತೇನೆ.